ಹುಳುಮನೆ ಪಕ್ಕದ ಬಾರ್ಬೆಕ್ಯೂ

ನನ್ನ ಈ ವರ್ಷದ ಡೈರಿಯಲ್ಲಿ ಎರಡು ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ನಿನ್ನೆ ಏನೋ ಹುಡುಕುತ್ತಾ ತಿರುವುವಾಗ ಬೆರಳಿಗೆ ಸಿಕ್ಕವು. ಉಗುರಿನಿಂದ ಬಿಡಿಸಲು ನೋಡಿದೆ, ಬರಲಿಲ್ಲ. ಮೂಸಿ ನೋಡಿದೆ. ಬೆಲ್ಲ, ಹುಣಸೆಹುಳಿ, ಬೆಳ್ಳುಳ್ಳಿ, ಅದರ ಹಿಂದೆ ಒಂದಿಷ್ಟು ಹೊಗೆ. ಒಳಗೆ ಏನು ಬರೆದಿದೆ ಎಂದು ಬಿಡಿಸದೆಯೇ ಗೊತ್ತಾಯಿತು. ಡೈರಿಯನ್ನು ಮೂಸಿ ಓದುವ ಪರಿಸ್ಥಿತಿ ನಿಮಗೆ ಬಂದಿರಲಿಕ್ಕಿಲ್ಲ. ಬರುವುದೂ ಬೇಡ.

ನಾನು ರಾಮನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಾಗಡಿಯ ಹತ್ತಿರ, ಕಲ್ಯದ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎಂಟನೇ ತರಗತಿಯಿಂದ ಡೈರಿ ಇಟ್ಟಿದ್ದೇನೆ. ಮನಸ್ಸಿನ ಮಾತು ತೋಡಿಕೊಳ್ಳುವ ಡೈರಿ ಅದಲ್ಲ. ಬಸ್ಸು ಎಷ್ಟು ನಿಮಿಷ ತಡವಾಯಿತು, ತೆಂಗಿನಮರದಿಂದ ಎಷ್ಟು ಕಾಯಿ ಬಿದ್ದವು, ಅಜ್ಜಿ ದಿನಕ್ಕೆ ಎಷ್ಟು ಸಲ ‘ನಮ್ ಕಾಲ್ದಲ್ಲಿ’ ಅಂದಳು, ಇಂಥವು. (ಕೊನೆಯದರ ದಾಖಲೆ ಹದಿನೇಳು. ಅವತ್ತು ಮನೆಗೆ ನೆಂಟರು ಬಂದಿದ್ದರು.) ಅಪ್ಪ ಭಾನುವಾರ ‘ಮೀಟಿಂಗ್ ಐತೆ’ ಎಂದು ಹೋಗುತ್ತಿದ್ದ ದಿನಗಳನ್ನೂ ಬರೆದಿಟ್ಟಿದ್ದೇನೆ. ಅಂಥ ಮೀಟಿಂಗುಗಳಿಂದ ಅಪ್ಪ ವಾಪಸಾದಾಗಲೆಲ್ಲ ಮೀಸೆಯಲ್ಲಿ ಹಂದಿ ಸಾರಿನ ವಾಸನೆ ಇರುತ್ತಿತ್ತು.

ಈ ಎಣಿಸುವ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ, ಗುಡ್ಡೆ ಬಾಡಿನಿಂದ ಎನ್ನಬೇಕು. ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು, ಬಾಡಿನ, ಅಂದರೆ ಮಾಂಸದ, ಹಬ್ಬ. ಹತ್ತು ಹನ್ನೆರಡು ಮನೆಯವರು ಸೇರಿ ಮರಿ ತಂದು ಕೊಯ್ದು, ಬಾಳೆಲೆಗಳ ಮೇಲೆ ಬಾಡನ್ನು ಸಮಸಮ ಗುಡ್ಡೆ ಹಾಕುತ್ತಾರೆ. ಯಾವ ಗುಡ್ಡೆ ಯಾರಿಗೆ ಎಂದು ಜಗಳ ಬರಬಾರದಲ್ಲ, ಅದಕ್ಕೆ ಒಂದು ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ತಾತ ಒಂದು ಗುಡ್ಡೆಯ ಮೇಲೆ ಕೈಯಿಟ್ಟು ‘ಇದ್ಯಾರ್ಗವ್ವಾ?’ ಎಂದು ಕೇಳುತ್ತಿದ್ದ, ನಾನು ಮರದ ಕಡೆ ನೋಡುತ್ತಾ ಒಂದು ಮನೆಯ ಹೆಸರು ಹೇಳುತ್ತಿದ್ದೆ. ಯಾರ ಹೆಸರೂ ಬಿಟ್ಟುಹೋಗಬಾರದು, ಎರಡು ಸಲ ಬರಬಾರದು. ಆರು ವರ್ಷದವಳಿಗೆ ಅದು ಸಣ್ಣ ಕೆಲಸವಲ್ಲ. ಬೆರಳು ಮಡಿಸಿ ಮಡಿಸಿ ಎಣಿಸುತ್ತಿದ್ದೆ. ಒಂದು ವರ್ಷ ನಮ್ಮ ಮನೆಯ ಹೆಸರನ್ನೇ ಮರೆತೆ. ಕೊನೆಗೆ ಉಳಿದ ಗುಡ್ಡೆ ನಮ್ಮದಾಯಿತು, ಅದರಲ್ಲಿ ಎರಡು ಕಾಲುಗೊರಸು ಹೆಚ್ಚಿದ್ದವು.

ಕುರಿಯ ಬಾಡು ಅಡುಗೆಮನೆಯಲ್ಲಿ ಬೇಯುತ್ತಿತ್ತು. ಹಂದಿಯ ಮಾತು ಬೇರೆ. ನಮ್ಮ ಮನೆಯಲ್ಲಿ ಹಂದಿ ಬಾಡು ಹೊಸಿಲು ದಾಟುವಂತಿಲ್ಲ. ಅದಕ್ಕೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಬೇರೆ ಮಡಕೆ, ಬೇರೆ ಸೌಟು. ಅಡುಗೆ ಗಂಡಸರದು. ಬಟ್ಟೆ ಒಗೆಯುವ ಕಲ್ಲೇ ಗಡಿ. ಕಲ್ಲಿನ ಆಚೆ ತಾತನ ರಾಜ್ಯ, ಈಚೆ ಅಜ್ಜಿಯದು. ಆಚೆ ಉಂಡವರು ಹಂಡೆಯ ನೀರಿನಲ್ಲಿ ಮೈ ತೊಳೆದುಕೊಂಡೇ ಒಳಗೆ ಬರಬೇಕು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಒಂದು ಕಾಲನ್ನು ಆಚೆ, ಒಂದು ಕಾಲನ್ನು ಈಚೆ ಬಿಟ್ಟುಕೊಂಡು ಎರಡೂ ರಾಜ್ಯದ ಉಪ್ಪು ತಿನ್ನುತ್ತಿದ್ದೆ. ತಾತ ಹೋದ ಮೇಲೆ ಮಡಕೆ ಒಡೆಯಿತು, ಮೂರು ಕಲ್ಲುಗಳ ಮೇಲೆ ಹೀರೆಬಳ್ಳಿ ಹಬ್ಬಿತು. ಅಪ್ಪನ ಮೀಟಿಂಗುಗಳು ಶುರುವಾದದ್ದು ಆಮೇಲೆ.

ಬಾರ್ಬೆಕ್ಯೂ ನನ್ನ ತಲೆಗೆ ಹೊಕ್ಕದ್ದು ಮೊಬೈಲಿನಿಂದ. ಯಾವುದೋ ದೇಶದ ದಪ್ಪ ಮೀಸೆಯವನೊಬ್ಬ ಹಿತ್ತಲಲ್ಲಿ ಕೆಂಡದ ಮೇಲೆ ಹಂದಿಯ ಪಕ್ಕೆಲುಬನ್ನು ಇಡಿಯಾಗಿ ಮಲಗಿಸಿ, ಬ್ರಷ್ಷಿನಿಂದ ಏನೋ ಕೆಂಪಗೆ ಬಳಿಯುತ್ತಿದ್ದ. ಪಕ್ಕದಲ್ಲಿ ಮುಸುಕಿನ ಜೋಳ, ಈರುಳ್ಳಿ, ದಪ್ಪಮೆಣಸಿನಕಾಯಿ ಸುಡುತ್ತಿದ್ದವು. ನನಗೆ ಮೊದಲು ಹೊಳೆದದ್ದು, ಈ ಮನುಷ್ಯನೂ ಹಿತ್ತಲಲ್ಲೇ ಮಾಡುತ್ತಿದ್ದಾನಲ್ಲ ಎನ್ನುವುದು. ಇವನ ಮನೆಯಲ್ಲೂ ಒಬ್ಬ ಅಜ್ಜಿ ಇರಬೇಕು.

ಅಪ್ಪನಿಗೆ ತೋರಿಸಿದೆ. ಅಪ್ಪ ಮೂರು ಸಲ ನೋಡಿ, ‘ಮಗ, ಇದು ಮೀಟಿಂಗಿಗಿಂತ ವಾಸಿ’ ಎಂದ. ಅಜ್ಜಿಯನ್ನು ಕೇಳಿದೆ. ‘ಕಲ್ಲಿನ ಆಚೆ ನೀವು ಏನಾರ ಸುಟ್ಕಳಿ, ನಂಗೇನು’ ಎಂದಳು. ಉಳಿದದ್ದು ಚಿಕ್ಕಮ್ಮನ ಒಪ್ಪಿಗೆ. ಕಷ್ಟ ಇದ್ದದ್ದು ಅಲ್ಲೇ.

ನಮ್ಮ ಹಿತ್ತಲಿನ ಇನ್ನೊಂದು ಕಡೆ ಹುಳುಮನೆ ಇದೆ. ಅಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಹೆಂಚಿನ ಕೋಣೆ. ಒಗೆಯುವ ಕಲ್ಲಿನಿಂದ ಅಲ್ಲಿಗೆ ಇಪ್ಪತ್ಮೂರು ಹೆಜ್ಜೆ. ಹುಳು ಇರುವಾಗ ಅಲ್ಲಿ ಅಜ್ಜಿಯ ಮಡಿಗಿಂತ ದೊಡ್ಡ ಮಡಿ. ಚಪ್ಪಲಿ ಬಿಡಬೇಕು, ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು, ಊದುಬತ್ತಿ ಹಚ್ಚಬಾರದು, ಹತ್ತಿರದಲ್ಲಿ ಒಗ್ಗರಣೆ ಕೂಡ ಹಾಕಬಾರದು. ‘ಅವಕ್ಕೆ ಮೈಯುದ್ದಕ್ಕೂ ಮೂಗೇ ಕಣ್ ಮಗ’ ಎನ್ನುತ್ತಾಳೆ ಅಜ್ಜಿ. ಹೊಗೆ ಕುಡಿದ ಹುಳು ಸೊಪ್ಪು ಬಿಡುತ್ತದೆ, ಸೊಪ್ಪು ಬಿಟ್ಟ ಹುಳು ಗೂಡು ಕಟ್ಟುವುದಿಲ್ಲ.

ಇಷ್ಟು ವರ್ಷ ಹುಳುಮನೆ ಅಜ್ಜಿಯದಾಗಿತ್ತು. ಮಂಡಿನೋವು ಬಂದ ಮೇಲೆ, ಈ ಬೆಳೆಯನ್ನು ಮೊದಲ ಸಲ ಪೂರ್ತಿಯಾಗಿ ಚಿಕ್ಕಮ್ಮನಿಗೆ ಬಿಟ್ಟಿದ್ದಳು. ಚಿಕ್ಕಮ್ಮ ಚನ್ನಪಟ್ಟಣದವಳು. ತವರಿನಲ್ಲಿ ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುವ ಕೆಲಸ. ಚಿಕ್ಕಪ್ಪನಿಗೆ ಕನಕಪುರದಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾನೆ. ಹೀಗಾಗಿ ಅವಳೊಬ್ಬಳೇ ದಿನಕ್ಕೆ ಮೂರು ಸಲ ಸೊಪ್ಪು ಹಾಕಿ, ಹುಳುಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದ್ದಳು. ಬಿಟ್ಟುಕೊಡುವಾಗ ಅಜ್ಜಿ ಒಂದು ಮಾತು ಅಂದಿದ್ದಳು: ‘ಇದು ಗೊಂಬೆಗೆ ಬಣ್ಣ ಬಳ್ದಂಗಲ್ಲ ಸುಧಾ. ಒಂದ್ ಬೆಳೆ ನೋಡ್ತೀನಿ. ಕೆಟ್ರೆ ಮಂಡಿ ಎಳ್ಕೊಂಡಾದ್ರೂ ಮತ್ತೆ ನಾನೇ ಬತ್ತೀನಿ.’ ಚಿಕ್ಕಮ್ಮ ‘ಆಯ್ತು ಅತ್ತೆ’ ಎಂದಿದ್ದಳು ಅಷ್ಟೆ. ಆದರೆ ಅವತ್ತಿನಿಂದ ಅವಳು ಸರಿಯಾಗಿ ಉಂಡದ್ದನ್ನು ನಾನು ನೋಡಿಲ್ಲ. ಡೈರಿಯಲ್ಲಿದೆ: ಒಂದು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಇಳಿದಿದ್ದಳು.

ಅಂಥವಳ ಹತ್ತಿರ ಹೋಗಿ ನಾನು ಲೆಕ್ಕ ಒಪ್ಪಿಸಿದೆ. ಅಜ್ಜಿಯ ಹಿಂದಿನ ಹನ್ನೊಂದು ಬೆಳೆಗಳ ದಿನಗಳು ನನ್ನ ಡೈರಿಯಲ್ಲಿದ್ದವು. ಮೊಟ್ಟೆ ಮರಿ ಮಾಡಿಸಿ ಕೊಡುವ ಚಾಕಿ ಕೇಂದ್ರದಿಂದ ನೂರು ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಲೆಕ್ಕಕ್ಕೆ ಒಂದು ಮೊಟ್ಟೆ; ಅಜ್ಜಿ ನೂರನ್ನು ದಾಟಿದ್ದಿಲ್ಲ) ಮರಿಹುಳು ತಂದ ದಿನದಿಂದ, ಅವು ಹಣ್ಣಾಗಿ, ಅಂದರೆ ಮೈ ಪಾರದರ್ಶಕವಾಗಿ ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಏರುವವರೆಗೆ ಸರಾಸರಿ ಹದಿನಾರು ದಿನ. ಆ ಲೆಕ್ಕದಲ್ಲಿ ಶುಕ್ರವಾರ ಏರಬೇಕು. ಭಾನುವಾರಕ್ಕೆ ಎಲ್ಲವೂ ಗೂಡಿನೊಳಗೆ ಸೇರಿ ಬಾಗಿಲು ಹಾಕಿಕೊಂಡಿರುತ್ತವೆ. ಆಮೇಲೆ ಹೊರಗೆ ನಾವು ಏನು ಸುಟ್ಟರೆ ಅವಕ್ಕೇನು?

‘ನೀನು ಮೇಡಮ್ಮು, ನಿಂಗೆ ಗೊತ್ತಿರ್ತದೆ’ ಎಂದಳು ಚಿಕ್ಕಮ್ಮ. ನಂಬಿ ಹೇಳಿದಳು. ಆ ಮಾತು ಈಗಲೂ ಚುಚ್ಚುತ್ತದೆ.

ತಯಾರಿ ಹತ್ತು ದಿನ ನಡೆಯಿತು. ಶಾಲೆಯ ಹತ್ತಿರದ ವೆಲ್ಡಿಂಗ್ ಅಂಗಡಿಯ ಸಾಬರಿಗೆ ಕಬ್ಬಿಣದ ಜಾಲರಿ ಹೇಳಿದೆ. ಏನು ಸುಡಲಿಕ್ಕೆ ಎಂದು ಅವರು ಕೇಳಿದಾಗ ನಾಲಿಗೆ ತಡವರಿಸಿ ‘ಬದನೆಕಾಯಿ’ ಎಂದೆ.

‘ಬದನೆಕಾಯಿಗೆ ಹತ್ತು ಎಂಎಂ ಸರಳಾ?’

‘ದಪ್ಪ ಬದನೆಕಾಯಿ.’

ಅವರು ತಲೆ ತಗ್ಗಿಸಿ ಅಳತೆ ಬರೆದುಕೊಂಡರು. ತರಲು ಹೋದ ದಿನ ಎರಡು ಜಾಲರಿ ಕೊಟ್ಟರು, ಒಂದು ದಪ್ಪನೆಯದು, ಒಂದು ತೆಳ್ಳನೆಯದು. ‘ತೆಳ್ಳಂದು ತರಕಾರಿಗೆ. ದಪ್ಪಂದು ನಿಮ್ ದಪ್ಪ ಬದನೆಕಾಯಿಗೆ. ಎರಡನ್ನೂ ಬೆರೆಸ್ಬೇಡಿ ಮೇಡಂ, ಮನೇಲಿ ದೊಡ್ಡವರಿರ್ತಾರೆ’ ಎಂದರು. ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. ಆ ಎರಡನೇ ಜಾಲರಿ ನನಗೆ ಹೊಳೆದಿರಲಿಲ್ಲ. ಅದಿಲ್ಲದಿದ್ದರೆ ಅಜ್ಜಿ ಅವತ್ತು ಏನನ್ನೂ ತಿನ್ನುತ್ತಿರಲಿಲ್ಲ.

ಇದ್ದಲನ್ನು ಇಸ್ತ್ರಿ ಅಂಗಡಿಯಿಂದ ತಂದೆ. ಉರಿ ಹಚ್ಚಲು ಸೊಪ್ಪಿನ ಕಡ್ಡಿ ಬೇಕಾದಷ್ಟಿತ್ತು. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳು ನಮ್ಮ ಹಿತ್ತಲಲ್ಲಿ ಆಳೆತ್ತರ ಒಟ್ಟಿರುತ್ತವೆ. ಮೊಬೈಲಿನ ಮೀಸೆಯವನು ಬಳಿಯುತ್ತಿದ್ದ ಬಾಟಲಿ ಸಾಸು ಮಾಗಡಿಯಲ್ಲೂ ಸಿಗಲಿಲ್ಲ, ರಾಮನಗರದಲ್ಲೂ ಸಿಗಲಿಲ್ಲ. ಬೆಲ್ಲ, ಹುಣಸೆಹಣ್ಣು, ಟೊಮೆಟೊ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಕುದಿಸಿ ನಾನೇ ಮಾಡಿದೆ.

ಗುರುವಾರದಿಂದ ಮೋಡ ಮುಚ್ಚಿಕೊಂಡು ಚಳಿ ಹಿಡಿಯಿತು. ಹುಳುಗಳು ಶುಕ್ರವಾರವೂ ತಿಂದವು, ಶನಿವಾರವೂ ತಿಂದವು. ಹುಳುಮನೆಯ ಗೋಡೆಗೆ ಕಿವಿಯಿಟ್ಟರೆ ಚಪ್ಪರದ ಮೇಲೆ ತುಂತುರು ಬಿದ್ದಂತೆ ಅವು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಶನಿವಾರ ಸಂಜೆ ಚಿಕ್ಕಮ್ಮ ಬಂದು, ‘ರಮ್ಯ, ಚಳಿಗೆ ಹುಳ ತಡ ಮಾಡ್ತಾ ಅವೆ. ನಾಳೆ ಬ್ಯಾಡ್ವೇನೋ’ ಎಂದಳು.

ಬೇಡ ಎನ್ನುವಂತಿರಲಿಲ್ಲ. ಹಂದಿ ಅಂಗಡಿಯವನು ಕಡಿಯುವುದು ಭಾನುವಾರ ಮಾತ್ರ, ಅಪ್ಪ ಆಗಲೇ ಹೇಳಿಬಂದಿದ್ದ. ತಂದು ಫ್ರಿಜ್ಜಿನಲ್ಲಿಟ್ಟು ಎರಡು ದಿನ ತಡೆಯೋಣ ಎಂದರೆ ಫ್ರಿಜ್ಜು ಇರುವುದು ಹೊಸಿಲಿನ ಒಳಗೆ. ಅದಕ್ಕೆ ನಾನು ಇನ್ನೊಂದು ಲೆಕ್ಕ ತೆಗೆದೆ. ಏಳು ದಿನಗಳಿಂದ ಒಗೆಯುವ ಕಲ್ಲಿನ ಪಕ್ಕ ಒಂದು ಕೋಲು ನೆಟ್ಟು, ಅದರ ತುದಿಗೆ ರೇಷ್ಮೆಯ ಎಳೆ ಕಟ್ಟಿ, ಗಾಳಿಯ ದಿಕ್ಕನ್ನು ಬರೆದುಕೊಂಡಿದ್ದೆ. ಏಳಕ್ಕೆ ಏಳು ದಿನವೂ ಎಳೆ ಹುಳುಮನೆಗೆ ಬೆನ್ನು ಮಾಡಿ ಹೊಲದ ಕಡೆಗೇ ಹಾರಿತ್ತು.

‘ಗಾಳಿ ನಿನ್ ಮಾತ್ ಕೇಳ್ತದಾ?’ ಎಂದಳು ಚಿಕ್ಕಮ್ಮ.

‘ಏಳು ದಿನ ನೋಡಿದೀನಿ ಚಿಕ್ಕಮ್ಮ. ಒಂದು ದಿನವೂ ತಪ್ಪಿಲ್ಲ.’

ಅವಳು ಡೈರಿಯ ಪುಟವನ್ನು ಒಂದು ಗಳಿಗೆ ನೋಡಿದಳು. ‘ಸರಿ’ ಎಂದಳು.

ಭಾನುವಾರ ಬೆಳಗ್ಗೆ ಆರಕ್ಕೇ ಅಪ್ಪನೊಂದಿಗೆ ಹಂದಿ ಅಂಗಡಿಗೆ ಹೋದೆ. ಅಂಗಡಿಯವನು ಮಚ್ಚು ಎತ್ತಿದ್ದ. ಪಕ್ಕೆಲುಬನ್ನು ಕೊಚ್ಚಬೇಡಿ, ಇಡಿಯಾಗಿ ಬೇಕು ಎಂದೆ. ಅವನು ಮಚ್ಚು ಇಳಿಸಿ ಅಪ್ಪನನ್ನು ನೋಡಿದ.

‘ಕೊಚ್ದೆ ತಕಂಡೋಗಿ ಏನ್ ಮಾಡೀರಿ ಗೌಡ್ರೆ, ಹಾರ್ಮೋನಿಯಂ ನುಡ್ಸೀರಾ?’

‘ನಮ್ ಮಗಳು ನುಡಿಸ್ತಾಳೆ, ನೀನು ಕೊಡು’ ಎಂದ ಅಪ್ಪ.

ಎರಡು ಹಾರ್ಮೋನಿಯಂ ತಂದೆವು. ಒಂದಕ್ಕೆ ಹದಿಮೂರು ಮೂಳೆ, ಒಟ್ಟು ಇಪ್ಪತ್ತಾರು. ಒಗೆಯುವ ಕಲ್ಲಿನ ಆಚೆ ನಿಂತು ಮಸಾಲೆ ಸವರಿದೆ. ಅಜ್ಜಿ ಈಚೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ, ‘ಉಪ್ಪು ಕಮ್ಮಿಯಾಗದೆ’ ಎಂದಳು.

‘ಇಲ್ಲಿವರೆಗೆ ಬರದೆ ಹೆಂಗೆ ಹೇಳ್ತೀಯಜ್ಜಿ?’

‘ಮೂಗಿಲ್ವಾ? ನಿಮ್ ತಾತನ ಹಂದಿ ಸಾರಿಗೆ ನಲವತ್ ವರ್ಸ ಮಸಾಲೆ ಅರ್ದವ್ಳು ಯಾರು ಅನ್ಕಂಡೆ? ಒಳ್ಗೆ ಅರ್ದು, ಎಲೇಲಿ ಕಟ್ಟಿ, ಕಲ್ಲಿನ್ ಮೇಲಿಂದ ದಾಟಿಸ್ತಿದ್ದೆ. ಅವ್ರು ಊರೆಲ್ಲಾ ನಂದೇ ಕೈರುಚಿ ಅಂತ ಹೇಳ್ಕಂಡ್ ತಿರುಗಾಡೋರು.’

ಬಾಯಿಗೆ ಒಂದು ದಿನವೂ ಹಾಕಿಕೊಳ್ಳದ ಸಾರಿಗೆ ನಲವತ್ತು ವರ್ಷ ಉಪ್ಪು ಹಾಕಿದವಳು. ನಾನು ಇನ್ನೊಂದು ಚಮಚ ಉಪ್ಪು ಸೇರಿಸಿದೆ.

ಎಂಟು ಗಂಟೆಗೆ ಕೆಂಡ ಮಾಡಿ ದಪ್ಪ ಜಾಲರಿ ಇಟ್ಟೆವು. ರೇಷ್ಮೆ ಎಳೆ ಅಲುಗದೆ ಜೋತುಬಿದ್ದಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕತೊಡಗಿತು, ಬೆಲ್ಲ ಹೊತ್ತಿತು, ದಟ್ಟ ಬಿಳಿ ಹೊಗೆ ಎದ್ದಿತು. ಅದೇ ಹೊತ್ತಿಗೆ ಎಳೆಯೂ ಎದ್ದು ಸೀದಾ ಹುಳುಮನೆಯ ಕಿಟಕಿಯನ್ನು ತೋರಿಸಿತು.

ಆಗ ನನಗೆ ಜ್ಞಾನೋದಯವಾಯಿತು. ಏಳು ದಿನವೂ ನಾನು ಗಾಳಿ ನೋಡಿದ್ದು ಶಾಲೆ ಮುಗಿಸಿ ಬರುವ ಹೊತ್ತಿಗೆ, ಸಂಜೆ ಐದು ಗಂಟೆಗೆ. ಬೆಳಗಿನ ಗಾಳಿಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಮಕ್ಕಳು ಇಂಥ ತಪ್ಪು ಮಾಡಿದರೆ ನಾನು ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತುತ್ತೇನೆ.

ಗಾಬರಿಯಲ್ಲಿ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದೆ. ಹೊಗೆ ಮೂರು ಪಟ್ಟಾಯಿತು. ಅಪ್ಪ ‘ಎಂತಾ ಕೆಲ್ಸ ಮಾಡ್ಬುಟ್ಟೆ’ ಎನ್ನುತ್ತಾ ಎರಡು ಗೋಣಿಚೀಲ ಒದ್ದೆ ಮಾಡಿ ಜಾಲರಿಯನ್ನು ಹಂದಿಯ ಸಮೇತ ಹಿಡಿದು ಹೊಲದ ಕಡೆ ಓಡಿದ. ಐವತ್ತೆಂಟು ವರ್ಷದ ಮನುಷ್ಯ ಅಷ್ಟು ಜೋರಾಗಿ ಓಡಿದ್ದಕ್ಕೆ ನನ್ನಲ್ಲಿ ಹಿಂದಿನ ದಾಖಲೆ ಇಲ್ಲ. ನಾನು ಬಾಣಲೆಯಲ್ಲಿ ಉಳಿದ ಕೆಂಡ ಗೋರಿಕೊಂಡು ಹಿಂದೆ ಓಡಿದೆ. ಸೊಪ್ಪಿನ ತೋಟ ದಾಟಿದರೆ ಒಂದು ದೊಡ್ಡ ಬಂಡೆ. ಅದರ ಮರೆಯಲ್ಲಿ ಇಳಿಸಿ, ಉಸಿರು ಬಿಟ್ಟು ವಾಪಸ್ ಬಂದೆ.

ಹಿತ್ತಲಲ್ಲಿ ಹೊಗೆ ಇರಲಿಲ್ಲ. ಸದ್ದೂ ಇರಲಿಲ್ಲ. ಹುಳುಮನೆಯ ತುಂತುರು ನಿಂತುಹೋಗಿತ್ತು.

ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ‘ಎಂಟ್ ಗಂಟೆಗೆ ಹಾಕಿದ್ ಸೊಪ್ಪು ಹಂಗೇ ಐತೆ’ ಎಂದಳು. ‘ಎಲ್ಲಾ ತಲೆ ಎತ್ಕಂಡ್ ನಿಂತವೆ.’

ಅಜ್ಜಿ ಆ ಬೆಳೆಯಲ್ಲಿ ಅಲ್ಲಿಯವರೆಗೂ ಹುಳುಮನೆಗೆ ಕಾಲಿಟ್ಟಿರಲಿಲ್ಲ. ನಿನ್ನ ಬೆಳೆ ನೀನೇ ನೋಡು ಎಂದು ದೂರವೇ ಉಳಿದಿದ್ದಳು. ಈಗ ಎದ್ದಳು. ಕಾಲು ತೊಳೆದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನಾನು ಹೊಸಿಲಿನ ಹೊರಗೆ ನಿಂತು ನೋಡಿದೆ. ಸಾಲು ಸಾಲು ತಟ್ಟೆಗಳಲ್ಲಿ ಹುಳುಗಳು ಯಾರೋ ಕೂಗಿದಂತೆ ತಲೆ ಎತ್ತಿ ಆಡಿಸುತ್ತಿದ್ದವು. ಅಜ್ಜಿ ಒಂದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು. ಹತ್ತು ಹುಳು ನೋಡಿದಳು, ನಾನು ಎಣಿಸಿದೆ.

ನಿಮಗೆ ಇಲ್ಲಿಯ ತೊಡಕು ಹೇಳಬೇಕು. ಹೊಗೆ ಬಡಿದ ಹುಳುವೂ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ. ಹಣ್ಣಾದ ಹುಳುವೂ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಗೂಡಿಗೆ ಜಾಗ ಹುಡುಕಲು. ಕೆಟ್ಟ ಸುದ್ದಿಗೂ ಒಳ್ಳೆಯ ಸುದ್ದಿಗೂ ಅವುಗಳ ಮುಖ ಒಂದೇ.

‘ಹತ್ತರಲ್ಲಿ ಆರು ಹಣ್ಣಾಗವೆ’ ಎಂದಳು ಅಜ್ಜಿ ಕೊನೆಗೆ. ‘ಮೈ ಜೇನ್ತುಪ್ಪ ಆಗದೆ. ಉಳಿದ್ ನಾಕು ಹೊಗೆಗೆ ಮುನ್ಸ್ಕಂಡವೋ, ಹಣ್ಣಾಗಾಕೆ ನಿಂತವೋ, ಅವನ್ನೇ ಕೇಳ್ಬೇಕು. ಗೂಡು ಬಿಡಿಸೋ ತನ್ಕ ಹೇಳಾಕಾಗಕಿಲ್ಲ.’ ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ‘ನೋಡ್ತಾ ನಿಂತ್ಕಂಡ್ರೆ ಸೊಪ್ಪಿನ್ ಮೇಲೇ ಗೂಡ್ ಕಟ್ಬುಡ್ತವೆ. ಚಂದ್ರಿಕೆ ತಗಿ’ ಎಂದಳು.

ಹಣ್ಣಾದ ಹುಳು ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಮನೆಯಲ್ಲಿದ್ದ ಕೈಗಳೆಲ್ಲ ಬೇಕು. ಅಜ್ಜಿಯಂತೆ ಹಂದಿ ಮುಟ್ಟದ ಅಮ್ಮ ಮುದ್ದೆಗೆ ಇಟ್ಟಿದ್ದ ಎಸರು ಇಳಿಸಿ ಬಂದಳು. ನನ್ನ ಕೈ ಬೆಳ್ಳುಳ್ಳಿ, ಹೊಗೆ, ಹಂದಿಯ ಕೊಬ್ಬು. ಅಜ್ಜಿ ನನ್ನನ್ನು ತಲೆಗೆ ಸ್ನಾನ ಮಾಡಿಸಿ, ಅಂಗೈಗೆ ಹಿಪ್ಪುನೇರಳೆ ಎಲೆ ಹಿಂಡಿ ತಿಕ್ಕಿಸಿ, ಮೂಸಿ ನೋಡಿ, ಮತ್ತೆ ತಿಕ್ಕಿಸಿ, ಮೂರನೇ ಸಲಕ್ಕೆ ಒಳಗೆ ಬಿಟ್ಟಳು. ಅಪ್ಪನನ್ನು ಮಾತ್ರ ಬಂಡೆಯಿಂದ ಈಚೆ ಬರಬೇಡ ಎಂದು ಕೂಗಿ ಹೇಳಿದಳು. ಅವನ ಮೀಸೆಯನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.

ಒಂಬತ್ತೂವರೆಯಿಂದ ಮೂರೂವರೆಯವರೆಗೆ ಹುಳು ಆರಿಸಿದೆವು. ನಲವತ್ತೆರಡು ಚಂದ್ರಿಕೆ. ಚಿಕ್ಕಮ್ಮನ ಬೆರಳುಗಳನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ಗೊಂಬೆಯ ಕಣ್ಣಿಗೆ ಚುಕ್ಕೆ ಇಡುವ ಹದದಲ್ಲಿ ಒಂದೊಂದು ಹುಳುವನ್ನು ಚಂದ್ರಿಕೆಯ ಬಿದಿರು ಸುತ್ತುಗಳ ನಡುವೆ ಇಡುತ್ತಿದ್ದಳು. ಅಜ್ಜಿ ಮೊರದಲ್ಲಿ ತುಂಬಿ ಎರಚುವವಳು. ಇವಳ ಕೈ ನೋಡಿ ಅಜ್ಜಿ ಎರಡು ಸಲ ಏನೋ ಹೇಳಲು ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು. ನನ್ನ ಕಡೆ ಚಿಕ್ಕಮ್ಮ ನೋಡಲಿಲ್ಲ.

ಎಲ್ಲ ಮುಗಿಸಿ ಬಂಡೆಯ ಹತ್ತಿರ ಹೋದಾಗ ಅಪ್ಪ ದೇವರ ಮುಂದೆ ಕೂತವನಂತೆ ಕೂತಿದ್ದ. ಒಯ್ದ ಕೆಂಡ ಕಡಿಮೆ, ಉರಿ ಮಾಡಲು ಭಯ. ಹೀಗಾಗಿ ಆರು ಗಂಟೆ ಕಾಲ ಒಂದೊಂದೇ ಕಡ್ಡಿ ಇಟ್ಟು, ಬಿಸಿ ಆರದಂತೆ, ಹೊಗೆ ಏಳದಂತೆ ಕಾದಿದ್ದ. ಜೊತೆಗೆ ಕನಕಪುರದಿಂದ ಬಂದು ಅಪ್ಪನ ಹೊಗೆ ಹತ್ತಿಸಿಕೊಂಡ ಚಿಕ್ಕಪ್ಪನೂ ಬಂಡೆಯ ಬಳಿಯೇ ಸೆರೆಯಾಗಿದ್ದ. ‘ಸಣ್ಣ ಬಿಸಿಯಲ್ಲಿ, ತಾಳ್ಮೆಯಿಂದ’ ಎಂದು ಆ ದಪ್ಪ ಮೀಸೆಯವನು ಹತ್ತು ಸಲ ಹೇಳಿದ್ದು ಇದನ್ನೇ. ನನ್ನ ಹೆಚ್ಚಿನ ಕೆಂಡದಲ್ಲಿ ಆಗಿದ್ದರೆ ಅದು ಸೀದು ಚಪ್ಪಲಿಯಾಗುತ್ತಿತ್ತು. ಈಗ ಮೂಳೆಯನ್ನು ಹಿಡಿದರೆ ಬಾಡು ತಾನೇ ಜಾರುತ್ತಿತ್ತು. ಮೇಲೆ ಬೆಲ್ಲದ ಕಂದು ಹೊಳಪು, ಒಳಗೆ ಹಿಪ್ಪುನೇರಳೆ ಕಡ್ಡಿಯ ಸಿಹಿ ಹೊಗೆ. ಈ ಸಂಭ್ರಮವನ್ನು ಅಲ್ಲೇ ಬರೆದಿಡಲು ಹೋಗಿ ಡೈರಿಯ ಪುಟಗಳು ಅಂಟಿದ್ದು.

ತೆಳ್ಳನೆಯ ಜಾಲರಿಯಲ್ಲಿ ಬದನೆಕಾಯಿ, ಗೆಣಸು, ಮುಸುಕಿನ ಜೋಳ, ಈರುಳ್ಳಿ ಸುಟ್ಟೆ. ಅಜ್ಜಿ ಮಂಡಿ ಹಿಡಿದುಕೊಂಡು ಇನ್ನೂರ ಅರವತ್ತು ಹೆಜ್ಜೆ ನಡೆದು ಬಂದು, ಗಾಳಿಗೆ ಮೇಲ್ಗಡೆ, ನಮ್ಮಿಂದ ಹತ್ತು ಮಾರು ದೂರದಲ್ಲಿ ಕೂತಳು. ಸುಟ್ಟ ಬದನೆಕಾಯಿಗೆ ಉಪ್ಪು, ಹಸಿಮೆಣಸು ಹಿಸುಕಿ ಮುದ್ದೆಗೆ ನೆಂಚಿಕೊಂಡು, ‘ಇಷ್ಟಕ್ಕೆ ಒಂದ್ ಹಂದಿ ಯಾಕೆ ಬೇಕಿತ್ತು?’ ಎಂದಳು.

ಚಿಕ್ಕಮ್ಮ ಬರಲಿಲ್ಲ. ಕರೆಯಲು ಹೋದೆ. ಹಂದಿ ಎಂದರೆ ಅವಳಿಗೂ ಪ್ರಾಣ. ತವರಿನಲ್ಲಿ ತಿಂದು ಬೆಳೆದವಳು. ‘ಗೂಡು ಬಿಡಿಸೋ ತನಕ ನಂಗೆ ಬೇಡ ರಮ್ಯ’ ಎಂದು ಒಳಗೆ ಹೋದಳು. ಅವಳ ಪಾಲಿನ ಮೂರು ಮೂಳೆ ಎತ್ತಿಟ್ಟೆ. ಮನೆಯೊಳಗೆ ಇಡುವಂತಿಲ್ಲ, ಹುಳುಮನೆಯ ಹತ್ತಿರ ಇಡುವಂತಿಲ್ಲ, ಬಂಡೆಯ ಮೇಲಿಟ್ಟರೆ ನಾಯಿ. ಕೊನೆಗೆ ಅವನ್ನೂ ಅಪ್ಪನೇ ತಿಂದ. ಅಂದಿನ ಲೆಕ್ಕ: ಅಪ್ಪ ಹದಿಮೂರು, ಚಿಕ್ಕಪ್ಪ ಒಂಬತ್ತು, ನಾನು ನಾಲ್ಕು. ನಾಲ್ಕರಲ್ಲೂ ನನಗೆ ರುಚಿ ಗೊತ್ತಾದದ್ದು ಮೊದಲನೆಯದರಲ್ಲಿ ಮಾತ್ರ.

ಮುಂದಿನ ಆರು ದಿನ ಚಿಕ್ಕಮ್ಮ ನನ್ನೊಂದಿಗೆ ಆಡಿದ ಮಾತುಗಳನ್ನು ಬರೆದಿಟ್ಟಿದ್ದೇನೆ. ಸೋಮವಾರ ಏಳು, ಮಂಗಳವಾರ ಐದು. ಬುಧವಾರ ‘ಛತ್ರಿ ತಗೊಂಡೋಗು’ ಎಂದಳು, ಎರಡು. ಸಿಟ್ಟು ಎನ್ನುವಂತಿರಲಿಲ್ಲ. ನನ್ನ ಹತ್ತಿರ ಖರ್ಚು ಮಾಡಲು ಅವಳಲ್ಲಿ ಮಾತು ಉಳಿದಿರಲಿಲ್ಲ, ಎಲ್ಲವೂ ಆ ನಲವತ್ತೆರಡು ಚಂದ್ರಿಕೆಗಳ ಮೇಲಿತ್ತು. ಬಸ್ಸಿನಿಂದ ಇಳಿದು ದಿನಾ ಸಂಜೆ ನಾನು ಹುಳುಮನೆಯ ಕಿಟಕಿಯ ಪರದೆಗೆ ಮುಖವಿಟ್ಟು ನೋಡುತ್ತಿದ್ದೆ. ಮೊದಲು ಜೇಡನ ಬಲೆಯಂಥ ಎಳೆ, ಆಮೇಲೆ ಹಳದಿ ಮಂಜು, ಆಮೇಲೆ ಗೂಡಿನ ಆಕಾರ. ಆದರೆ ಆಕಾರ ಎಲ್ಲಕ್ಕೂ ಬರುತ್ತದೆ. ಒಳಗೆ ಗಟ್ಟಿಯೋ ಜಾಳೋ ಎನ್ನುವುದು ಕೈಗೆ ಸಿಕ್ಕಿದ ಮೇಲೇ ಗೊತ್ತು.

ಶನಿವಾರ ಗೂಡು ಬಿಡಿಸಿದೆವು. ಚಂದ್ರಿಕೆಯಿಂದ ಕಿತ್ತ ಮೊದಲ ಗೂಡನ್ನು ಚಿಕ್ಕಮ್ಮ ಹೆಬ್ಬೆರಳಿನಲ್ಲಿ ಒತ್ತಿದಳು. ಒಳಕ್ಕೆ ಹೋಗಲಿಲ್ಲ. ಎರಡನೆಯದನ್ನು ಒತ್ತಿದಳು. ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಒತ್ತಿ, ಬುಟ್ಟಿಗೆ ಹಾಕಿ, ‘ಮಾರ್ಕೆಟ್ ಏನಂತದೋ ನೋಡು’ ಎಂದಳು. ಜಾಳು ಗೂಡುಗಳನ್ನು ನಾನು ಬೇರೆ ಮೊರದಲ್ಲಿ ಎಣಿಸುತ್ತಾ ಹೋದೆ. ಮೊರ ತುಂಬುತ್ತದೆಂದು ಕಾದೆ. ತಳವೇ ಮುಚ್ಚಲಿಲ್ಲ. ಆದರೂ ಚಿಕ್ಕಮ್ಮ ನಗಲಿಲ್ಲ. ಮನೆಯವರ ಹೆಬ್ಬೆರಳು ಮನೆಯವರ ಹೆಬ್ಬೆರಳೇ.

ಭಾನುವಾರ ಅವಳ ಜೊತೆ ರಾಮನಗರದ ಗೂಡಿನ ಮಾರುಕಟ್ಟೆಗೆ ನಾನೂ ಹೋದೆ. ನಮ್ಮ ಗೂಡು ಜಾಲರಿಯಲ್ಲಿ ಹರಡಿತ್ತು. ನೂಲು ತೆಗೆಯುವ ರೀಲರುಗಳು ಸಾಲಾಗಿ ಬಂದು ಮುಷ್ಟಿಯಲ್ಲಿ ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು. ಬಿಳಿ ಗಡ್ಡದ ಒಬ್ಬ ಹಿರಿಯರು ನಿಂತರು. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗೂಡು ಗಟ್ಟಿಯಿದ್ದರೆ ಒಳಗಿನ ಹುಳು ಗಿಲಕಿಯಂತೆ ಟಕಟಕ ಎನ್ನಬೇಕು. ಅವರು ಕೇಳುತ್ತಲೇ ಇದ್ದರು. ಆಮೇಲೆ ಗೂಡನ್ನು ಮುಖದ ಹತ್ತಿರ ತಂದರು. ಮೂಸಿಬಿಟ್ಟರೆ ಏನು ಗತಿ ಎಂದು ನಾನು ಅವರ ಮೂಗನ್ನೇ ನೋಡಿದೆ. ಅವರು ಕಣ್ಣಿಗೆ ಕಾಣಲೆಂದು ತಂದದ್ದು, ಅಷ್ಟೆ. ಕನ್ನಡಕ ಮನೆಯಲ್ಲಿ ಮರೆತಿದ್ದರು.

‘ಯಾರಮ್ಮ ಇದು ಹುಳ ಮೇಯಿಸಿದ್ದು?’ ಎಂದರು.

ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ‘ನಾನೇ ಸಾಬ್ರೆ.’

‘ಮುಂದಿನ್ ಗೂಡು ಯಾವತ್ತು ತರ್ತೀಯ?’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಹೇಳಿ ಕಳಿಸ್ತೀವಿ’ ಎಂದು ನಾನು ಹೇಳಿದೆ.

ಬಸ್ ಸ್ಟ್ಯಾಂಡಿನಲ್ಲಿ ಒಂದು ಕಡಲೆಕಾಯಿ ಪೊಟ್ಟಣ ಪೂರ್ತಿ ಮುಗಿಸಿದಳು. ಆಮೇಲೆ, ‘ಆ ಹಂದಿ ಅಂಗಡಿ ಇಷ್ಟೊತ್ತಲ್ಲಿ ತೆಗೆದಿರ್ತದಾ?’ ಎಂದು ಕೇಳಿದಳು.

ತೆಗೆದಿತ್ತು. ಒಂದೇ ಒಂದು ಹಾರ್ಮೋನಿಯಂ ಉಳಿದಿತ್ತು. ಸಂಜೆ ಒಗೆಯುವ ಕಲ್ಲಿನ ಆಚೆ ಮತ್ತೆ ಕೆಂಡ ಮಾಡಿದೆ, ಈ ಸಲ ಕಡಿಮೆ. ಹುಳುಮನೆ ಖಾಲಿಯಾಗಿ, ಬಾಗಿಲು ಹಾರುಹೊಡೆದಿತ್ತು. ಚಿಕ್ಕಮ್ಮ ಅದರ ಹೊಸಿಲಿನ ಮೇಲೆ, ಇಪ್ಪತ್ನಾಲ್ಕು ದಿನ ಬರಿಗಾಲಲ್ಲಿ ದಾಟುತ್ತಿದ್ದ ಹೊಸಿಲಿನ ಮೇಲೆ, ಚಪ್ಪಲಿ ಕಾಲನ್ನು ನೀಡಿಕೊಂಡು ಕೂತಳು. ಕೊಬ್ಬು ತೊಟ್ಟಿಕ್ಕಿತು, ಹೊಗೆ ಎದ್ದಿತು. ನನ್ನ ಸಂಜೆಯ ಗಾಳಿಯೂ ಅವತ್ತು ಮಾತು ತಪ್ಪಿ ಹೊಗೆಯನ್ನು ಅವಳ ತಲೆಯ ಮೇಲಿಂದ ಸೀದಾ ಒಳಗೆ ನುಗ್ಗಿಸಿತು. ನಾನು ಜಾಲರಿ ಎತ್ತಲು ಎದ್ದೆ.

‘ಕೂತ್ಕೊ ರಮ್ಯ’ ಎಂದಳು. ‘ಹೋಗ್ಲಿ ಬಿಡು, ಒಳಕ್ಕೆ. ಯಾರವ್ರೆ ಈಗ?’

ಮೂಳೆ ಹಿಡಿದು ಕಚ್ಚಿದಳು. ಕಣ್ಣು ಮುಚ್ಚಿಕೊಂಡಳು. ಒಂದು, ಎರಡು, ಐದು. ನಾವೆಲ್ಲ ನೋಡುತ್ತಿದ್ದೇವೆ ಎನ್ನುವುದು ಅವಳಿಗೆ ನೆನಪಿರಲಿಲ್ಲ. ಹದಿಮೂರರಲ್ಲಿ ಹತ್ತು ಅವಳದಾದವು. ಅಪ್ಪ ಎರಡಕ್ಕೆ ಕೈ ತೊಳೆದುಕೊಂಡ, ಯಾರೂ ಹೇಳದೆ.

ಹತ್ತನೆಯದನ್ನು ಚೀಪುತ್ತಿರುವಾಗ ಕಲ್ಲಿನ ಈಚೆಯಿಂದ ಅಜ್ಜಿಯ ಧ್ವನಿ ಬಂತು.

‘ಸುಧಾ, ಮುಂದಿನ್ ಬೆಳೆಗೆ ಚಾಕಿಯವ್ರು ಕೇಳ್ತಾ ಅವ್ರೆ. ಎಷ್ಟ್ ಮೊಟ್ಟೆಗೆ ಹೇಳಾನ?’

ಇಷ್ಟು ವರ್ಷದಲ್ಲಿ ಅಜ್ಜಿ ಈ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಿದ್ದು ನನ್ನ ಯಾವ ಡೈರಿಯಲ್ಲೂ ಇಲ್ಲ. ಚಿಕ್ಕಮ್ಮ ಅವಸರ ಮಾಡಲಿಲ್ಲ. ಮೂಳೆಯ ತುದಿಯಲ್ಲಿ ಉಳಿದಿದ್ದನ್ನು ಪೂರ್ತಿ ಚೀಪಿ, ಅದನ್ನು ಎಲೆಯ ಅಂಚಿಗೆ ಇಟ್ಟು, ತನ್ನ ಸೊಪ್ಪಿನ ತೋಟದ ಕಡೆ ಒಮ್ಮೆ ನೋಡಿದಳು.

‘ನೂರೈವತ್ತು ಹೇಳಿ ಅತ್ತೆ.’

‘ಹೂಂ’ ಎಂದಳು ಅಜ್ಜಿ.